ಎರಡು ಸಲ ಕೈ ಎತ್ತುವ ಮನೆ

ಈ ದೇಶದ ಮತಪತ್ರವನ್ನು ನೀವು ನೋಡಿದ್ದೀರೋ ಇಲ್ಲವೋ. ಬಿಡಿಸಿದರೆ ಮದುವೆ ಮನೆಯ ಊಟದ ಮೇಜಿಗೆ ಹಾಸುವ ಕಾಗದದಷ್ಟಿರುತ್ತದೆ. ಮಡಿಸಿ ಮೊದಲಿನಂತೆ ಮಾಡುವುದು ಸೀರೆ ಮಡಿಸಲು ಬಾರದ ನನ್ನಂಥವರಿಂದ ಆಗುವ ಕೆಲಸವಲ್ಲ. ಗುರುತು ಹಾಕಲು ಒಂದು ಕೆಂಪು ಪೆನ್ಸಿಲ್ ಕೊಡುತ್ತಾರೆ. ಹೊಸದಾಗಿ ಹೆರೆದ ಆ ಪೆನ್ಸಿಲಿನ ಮರದ ವಾಸನೆ ಮೂಗಿಗೆ ಬಡಿದಾಗ, ಡಚ್ ಪಾಸ್‌ಪೋರ್ಟ್ ಬಂದ ಮೇಲಿನ ನನ್ನ ಮೊದಲ ಮತದಾನ ಇದೆಂದು ನೆನಪಾಗಿ ಒಂಥರಾ ಪುಳಕವೂ ಒಂಥರಾ ಸಂಕಟವೂ ಆಯಿತು.

ಅದಕ್ಕಿಂತ ಮುಂಚೆ ಸಾಲಿನಲ್ಲಿ ನಿಂತಿದ್ದಾಗ ಪಕ್ಕದ ಮನೆಯ ಅಜ್ಜಿ ತಲೆಗೆ ಒಂದು ಹುಳ ಬಿಟ್ಟಿದ್ದರು. "ಈ ಸಲ ಗೆದ್ದವರು ಸಂವಿಧಾನದ ತಿದ್ದುಪಡಿಯ ಎರಡನೇ ಓದನ್ನೂ ಮಾಡಬೇಕು, ಗೊತ್ತಲ್ಲ?" ಎಂದು ಡಚ್ಚಿನಲ್ಲಿ ಕೇಳಿದರು. ಯಾವ ತಿದ್ದುಪಡಿ ಎಂದೆ. ಅವರು ಭುಜ ಹಾರಿಸಿ, "ಒಂದೇನೋ ಇದೆ" ಎಂದರು. ಹಿಂದೆ ಮುಂದೆ ನಿಂತವರೂ ಆ ವಿಷಯಕ್ಕೆ ಬಂದವರಂತೆ ಕಾಣಲಿಲ್ಲ. ಮನೆ ಬಾಡಿಗೆ, ವಲಸೆ, ಹಸುಗಳ ಸೆಗಣಿಯಿಂದಾಗುವ ಮಾಲಿನ್ಯ, ಇವೇ ಎಲ್ಲರ ಬಾಯಲ್ಲಿ.

ಆದರೆ ಎರಡನೇ ಓದು ಎಂದರೇನೆಂದು ನನಗೆ ಗೊತ್ತಿತ್ತು. ಅದನ್ನು ನಾನು ಕಲಿತದ್ದು ಇಲ್ಲಿಗೆ ಓದಲು ಬಂದ ಕಾಲದಲ್ಲಿ, ಎನ್ಸ್‌ಕೆಡೆ ಎಂಬ ಊರಿನ ಒಂದು ಬಾಡಿಗೆ ಮನೆಯ ಅಡುಗೆಮನೆಯಲ್ಲಿ, ತೊವ್ವೆ ಸೀದು ಹೋಗುತ್ತಿದ್ದಾಗ.

ಆ ಮನೆಯಲ್ಲಿ ನಾವು ನಾಲ್ವರು. ಮೈಸೂರಿನ ನಾನು, ಬೆಂಗಳೂರಿನ ವಸುಧಾ, ಮಂಗಳೂರಿನ ಪ್ರಸನ್ನ, ಧಾರವಾಡದ ಶಿವು. ವಸುಧಾ ಓದುತ್ತಿದ್ದದ್ದು ಸಾರ್ವಜನಿಕ ಆಡಳಿತ. ಉಳಿದ ಮೂವರು ಯಂತ್ರಗಳ ಸಹವಾಸದವರಾದ್ದರಿಂದ ರಾಜ್ಯಾಂಗದ ವಿಷಯದಲ್ಲಿ ಅವಳು ಹೇಳಿದ್ದೇ ವೇದ. ನಮಗಿಂತ ಮುಂಚೆ ಅಲ್ಲಿದ್ದವರು ಕೆಲವು ನಿಯಮಗಳನ್ನು ಬರೆದು ಫ್ರಿಜ್ಜಿಗೆ ಅಂಟಿಸಿ ಹೋಗಿದ್ದರು. ಅವುಗಳಲ್ಲಿ ಒಂದು, ಓದು ಮುಗಿಸಿದವರು ಆ ಬೇಸಿಗೆಯಲ್ಲೇ ಕೋಣೆ ಬಿಡಬೇಕು ಎಂಬುದು. ಒಳ್ಳೆಯ ನಿಯಮವೇ, ನಮ್ಮಲ್ಲಿ ಯಾರ ಓದೂ ಮುಗಿಯದೆ ಇರುವವರೆಗೆ.

ಮೊದಲು ಮುಗಿದದ್ದು ಶಿವುವಿನದು. ಓದಿದವರು ಕೆಲಸ ಹುಡುಕಿಕೊಳ್ಳಲಿ ಎಂದು ಈ ದೇಶ ಒಂದು ವರ್ಷ ಇರಲು ಬಿಡುತ್ತದೆ. ಇರುವುದೆಲ್ಲಿ ಎಂಬುದನ್ನು ಮಾತ್ರ ಹೇಳುವುದಿಲ್ಲ. "ಕೆಲಸ ಸಿಗೂ ತನಕ ಇಲ್ಲೇ ಇರಾಕ ಬಿಡ್ರಿ. ಆ ರೂಲ್ ಒಂದೀಟು ತಿದ್ದೋಣಲ್ಲ?" ಎಂದು ಶಿವು ಒಂದು ಸಂಜೆ ಕೇಳಿದ. ತಿದ್ದಿದರಾಯಿತು ಎಂದು ನಾನು ಪೆನ್ನು ತೆಗೆದೆ. ವಸುಧಾ ಕೈ ಹಿಡಿದಳು.

"ಹಲೋ, ಹಂಗೆಲ್ಲಾ ಸಿಂಪಲ್ಲಾಗಿ ಚೇಂಜ್ ಮಾಡೋಕಾಗಲ್ಲ. ಈ ದೇಶದಲ್ಲಿದೀವಿ, ಈ ದೇಶದ ಥರಾನೇ ಮಾಡೋಣ."

ಈ ದೇಶದ ರೀತಿ ಹೀಗಂತೆ. ಸರ್ಕಾರವೋ ಕೆಳಮನೆಯ ಸದಸ್ಯರೋ ತಿದ್ದುಪಡಿಯನ್ನು ತರಬಹುದು. ಮೊದಲ ಓದಿನಲ್ಲಿ ಎರಡೂ ಮನೆಗಳಲ್ಲಿ ಅರ್ಧಕ್ಕಿಂತ ಹೆಚ್ಚು ಮತ ಬಿದ್ದರೆ ಸಾಕು. ಆದರೆ ಅಲ್ಲಿಗೆ ಅದು ಕಾನೂನಾಗುವುದಿಲ್ಲ. ನಡುವೆ ಒಂದು ಚುನಾವಣೆ ಬರಬೇಕು. ಹೊಸಬರು ಬಂದು ಕೂತ ಮೇಲೆ ಅದನ್ನೇ ಮತ್ತೆ ಓದಬೇಕು, ಈ ಸಲ ಚಲಾಯಿಸಿದ ಮತಗಳಲ್ಲಿ ಮೂರರಲ್ಲಿ ಎರಡು ಪಾಲು ಬೇಕು. ಆಮೇಲೆ ರಾಜನ ಸಹಿ. "ಮೊದಲನೇ ಸಲ ಬಿಸಿಯಲ್ಲಿ ಕೈ ಎತ್ತಿರ್ತಾರೆ. ಎರಡನೇ ಸಲ ಯೋಚನೆ ಮಾಡಿ ಎತ್ತಲಿ ಅಂತ" ಎಂದಳು ವಸುಧಾ.

ಪ್ರಸನ್ನ ಬಿಡುವವನಲ್ಲ. "ಎಂಥ ಮಾರಾಯ್ತಿ, ನಮ್ಮ ದೇಶದಲ್ಲಿ ಒಂದೇ ಸಲಕ್ಕೆ ಆಗ್ತದೆ. ಸಂಸತ್ತಿನಲ್ಲಿ ಮೂರನೇ ಎರಡು. ಕೆಲವಕ್ಕೆ ಮಾತ್ರ ಅರ್ಧದಷ್ಟು ರಾಜ್ಯಗಳೂ ಒಪ್ಪಬೇಕು" ಎಂದ. ಹಾಗಾದರೆ ಈ ಮನೆಯಲ್ಲಿ ರಾಜ್ಯಗಳು ಯಾವುವು ಎಂದು ನಾನು ಕೇಳಿದೆ. ಮೇಲಿನ ಮಹಡಿ ಒಂದು, ಕೆಳಗಿನದು ಒಂದು ಎಂದಾಯಿತು. ಬಚ್ಚಲು ಕೇಂದ್ರಾಡಳಿತ ಪ್ರದೇಶವೇ ಎಂದು ಶಿವು ಕೇಳಿದ. ತೊವ್ವೆ ಸೀದ ವಾಸನೆ ಬಂದದ್ದು ಆಗಲೇ. ನನಗೆ ಎರಡೂ ದೇಶಗಳ ಪದ್ಧತಿ ಕಲಸುಮೇಲೋಗರವಾಗಿ, ಕೊನೆಗೆ ಯಾವುದಕ್ಕೆ ಒಪ್ಪಿದೆವೆಂಬುದೂ ತಿಳಿಯಲಿಲ್ಲ. ಡಚ್ ರೀತಿಗೇ ಒಪ್ಪಿದ್ದೆವಂತೆ.

ಮೊದಲ ಓದು ಅಂದೇ ಮುಗಿಯಿತು. ಪ್ರಸನ್ನ ಬಿಟ್ಟು ಮೂವರೂ ಕೈ ಎತ್ತಿದೆವು, ಶಿವು ಎರಡೂ ಕೈ ಎತ್ತಿದ. "ಇವತ್ತು ಇವನಿಗೆ ಅಂತ ಬಾಗಿಲು ತೆಗೆದ್ರೆ ನಾಳೆ ಹೊಸ ಮಕ್ಕಳು ಎಲ್ಲಿಗೆ ಹೋಗುವುದು?" ಎಂದು ಪ್ರಸನ್ನ ಗೊಣಗಿದ. ಅದು ಎಷ್ಟು ಸರಿಯಾದ ಮಾತೆಂದು ಆಗ ಯಾರಿಗೂ ಹೊಳೆಯಲಿಲ್ಲ.

ನಡುವೆ ಚುನಾವಣೆ ಆಗಬೇಕಲ್ಲ? ಇಲ್ಲಿನ ವಿದ್ಯಾರ್ಥಿ ಮನೆಗಳಲ್ಲಿ ಒಂದು ಸಂಪ್ರದಾಯವಿದೆ. ಕೋಣೆ ಖಾಲಿಯಾಗುವ ಮೊದಲೇ, ಕೋಣೆ ಬೇಕಾದವರನ್ನೆಲ್ಲ ಒಂದು ಸಂಜೆ ಕರೆದು, ಮಾತಾಡಿಸಿ, ಮನೆಯವರೇ ಒಬ್ಬರನ್ನು ಆರಿಸುತ್ತಾರೆ. ಹೆಣ್ಣು ನೋಡುವ ಶಾಸ್ತ್ರವೇ, ಉಪ್ಪಿಟ್ಟು ಕೇಸರಿಬಾತ್ ಇಲ್ಲ, ಬಿಸ್ಕತ್ತು ಇದೆ. ಹಳೆಯ ನಿಯಮ ಇನ್ನೂ ಜಾರಿಯಲ್ಲಿದ್ದುದರಿಂದ ಶಿವುವಿನ ಕೋಣೆಗೆ ನಾವೂ ಆ ಶಾಸ್ತ್ರ ಮಾಡಿ, ತುಮಕೂರಿನ ಫರ್ಜಾನಾಳನ್ನು ಆರಿಸಿದೆವು. ಅವಳು ದೊಡ್ಡ ಸೂಟ್‌ಕೇಸಿನೊಂದಿಗೆ ಬಂದಿಳಿದು, ಕೋಣೆ ಸಿಗುವವರೆಗೆ ಹಾಲ್‌ನಲ್ಲಿ ಹಾಸಿಗೆ ಹಾಸಿಕೊಂಡಳು.

ನಮ್ಮ ಬುದ್ಧಿಗೆ ಏನನ್ನಬೇಕು ನೀವೇ ಹೇಳಿ. ಒಂದೇ ಕೋಣೆ ಕೊಡುವುದಾಗಿ ಇಬ್ಬರಿಗೆ ಮಾತು ಕೊಟ್ಟಿದ್ದೆವು, ಅದೂ ಸಂವಿಧಾನಬದ್ಧವಾಗಿ! ಆ ಮನೆಯ ವಿಳಾಸದಲ್ಲಿ ನಾಲ್ಕೇ ಹೆಸರು ನೋಂದಾಯಿಸಲು ನಗರಸಭೆ ಬಿಡುತ್ತಿತ್ತು. ನೋಂದಣಿ ಇಲ್ಲದೆ ಫರ್ಜಾನಾಗೆ ಬ್ಯಾಂಕ್ ಖಾತೆ ಇಲ್ಲ, ವೈದ್ಯರಿಲ್ಲ. ಶಿವುವಿನ ಹೆಸರು ತೆಗೆದರೆ, ಕೆಲಸದ ಅರ್ಜಿಯಲ್ಲಿ ಬರೆಯಲು ಅವನಿಗೆ ವಿಳಾಸವೇ ಇಲ್ಲ. ವಸುಧಾಳ ಮುಖ ಪೆಚ್ಚಾಯಿತು. ಮನೆಯ ಯಜಮಾನನನ್ನು ಕೇಳಿದರೆ, "ಬಾಡಿಗೆ ಬಂದರೆ ಸಾಕು, ನೀವೇ ತೀರ್ಮಾನಿಸಿ" ಎಂದ. ನಮ್ಮ ರಾಜ ಹೀಗೆ ಓದದೆಯೇ ಸಹಿ ಹಾಕಿದ.

ಎರಡನೇ ಓದು ಒಂದು ಭಾನುವಾರ ಬೆಳಿಗ್ಗೆ. ನಾನೂ ವಸುಧಾಳೂ ಕೈ ಎತ್ತಿದೆವು. ಪ್ರಸನ್ನ ವಿರುದ್ಧ ಎತ್ತಿದ. ಹೊಸದಾಗಿ ಮತದ ಹಕ್ಕು ಪಡೆದ ಫರ್ಜಾನಾ ಎಲ್ಲರ ಮುಖ ನೋಡಿ ಪರವಾಗಿ ಎತ್ತಿಬಿಟ್ಟಳು.

"ಶಿವಣ್ಣ ಎಲ್ಲಿಗೆ ಹೋಗ್ತಾರೆ ಪಾಪ? ನಂಗೆ ಹಾಲ್ ಅಡ್ಜಸ್ಟ್ ಆಗಿದೆ ಬಿಡಿ" ಎಂದಳು.

ಶಿವು ಅವಳನ್ನೇ ನೋಡುತ್ತಿದ್ದ. ಅವನ ಕೈ ಮೇಜಿನ ಮೇಲೇ ಇತ್ತು. ಯಾವ ಕಡೆಗೂ ಏಳಲಿಲ್ಲ.

ಐವರಲ್ಲಿ ಮೂವರು, ಬಿದ್ದುಹೋಯಿತು ಎಂದ ಪ್ರಸನ್ನ. ಇಲ್ಲ, ಚಲಾವಣೆಯಾದ ಮತ ನಾಲ್ಕೇ, ನಾಲ್ಕರಲ್ಲಿ ಮೂರು ಧಾರಾಳವಾಗಿ ಸಾಕು ಎಂದಳು ವಸುಧಾ. ಪ್ರಸನ್ನ ನಮ್ಮ ದೇಶದ ಲೆಕ್ಕದಲ್ಲಿ ನೋಡಿದ, ಅಲ್ಲೂ ಹಾಜರಿದ್ದು ಮತ ಹಾಕಿದವರದೇ ಲೆಕ್ಕ. ಒಟ್ಟು ಸದಸ್ಯರಲ್ಲಿ ಅರ್ಧಕ್ಕಿಂತ ಹೆಚ್ಚು ಬೇಕಂತೆ, ಅದೂ ಇದೆ. ತಿದ್ದುಪಡಿ ಪಾಸಾಗಿತ್ತು. ಅಷ್ಟು ಹೊತ್ತಿಗೆ ಶಿವು ತನ್ನ ಕೋಣೆಯಲ್ಲಿ ಬಟ್ಟೆ ಮಡಿಸುತ್ತಿದ್ದ.

"ಪಾಸಾಗಿದೆ ಕಣೋ, ಯಾಕೆ ಹೊರಟೆ?" ಎಂದು ನಾನು ಬಾಗಿಲಲ್ಲಿ ನಿಂತು ಕೇಳಿದೆ.

"ಇರಬಹುದು ಅಂತ ಬರದೀರಿ. ಇರಬೇಕು ಅಂತೇನ್ ಬರದಿಲ್ಲಲ್ಲ" ಎಂದ.

ಆಮ್ಸ್ಟೆಲ್‌ವೇನ್ ಎಂಬ ಊರಿನಲ್ಲಿ ಯಾರದೋ ಸೋಫಾದ ಮೇಲೆ ಕೆಲವು ತಿಂಗಳಿದ್ದ. ಕೆಲಸ ಸಿಗಲಿಲ್ಲ. ವರ್ಷ ಮುಗಿದು ಊರಿಗೆ ಹೋದ. ಈಗ ಧಾರವಾಡದ ಕಾಲೇಜೊಂದರಲ್ಲಿ ಪಾಠ ಮಾಡುತ್ತಾನೆ. ಅವನು ಕೋಣೆ ಬಿಟ್ಟ ಮರುವರ್ಷದ ಬೇಸಿಗೆಯಲ್ಲಿ ಓದು ಮುಗಿದದ್ದು ನನ್ನದು. ಆ ತಿದ್ದುಪಡಿಯ ಅಡಿಯಲ್ಲಿ ಅದೇ ಮನೆಯಲ್ಲಿ ಉಳಿದುಕೊಂಡೆ. ಹಾಗೆ ಉಳಿದದ್ದಕ್ಕೇ ಕೆಲಸ ಸಿಕ್ಕಿತು, ಕೆಲಸದಿಂದ ವಾಸದ ಪರವಾನಗಿ, ಪರವಾನಗಿಯಿಂದ ಪಾಸ್‌ಪೋರ್ಟ್. ನಿಯಮ ತಂದವನು ಅವನು, ಬಳಸಿದವನು ನಾನು. ಇದನ್ನು ನ್ಯಾಯ ಅನ್ನಬೇಕೋ ಅನ್ಯಾಯ ಅನ್ನಬೇಕೋ ಇವತ್ತಿಗೂ ನನಗೆ ಬಗೆಹರಿದಿಲ್ಲ.

ಮತ ಹಾಕಿ ಹೊರಗೆ ಬಂದವನು ಟ್ರಾಮ್ ನಿಲ್ದಾಣದಲ್ಲಿ ನಿಂತು ಶಿವುಗೆ ಫೋನ್ ಮಾಡಿದೆ. ಅಲ್ಲಿ ಅವನು ಕಾಲೇಜಿನಿಂದ ಮನೆಗೆ ಹೊರಟಿದ್ದ. ಮಾತಿಗೆ ಮಾತು ಬಂದು, ಇಷ್ಟು ವರ್ಷ ಕೇಳದಿದ್ದುದನ್ನು ಕೇಳಿಬಿಟ್ಟೆ.

"ಅವತ್ತು ಕೈ ಎತ್ತದೆ ಇದ್ದದ್ದಕ್ಕೆ ಬೇಜಾರಾಗಲಿಲ್ವಾ?"

ಇಲ್ಲ ಅನ್ನುತ್ತಾನೆ, ನಗುತ್ತಾನೆ, ನನ್ನ ಮನಸ್ಸೂ ಹಗುರಾಗುತ್ತದೆ ಎಂದುಕೊಂಡಿದ್ದೆ.

"ಆತಲೇ, ಭಾಳ ಆತು. ಆ ಸೋಫಾದ ಮ್ಯಾಲೆ ದಿನಾ ಅಂದ್ಕೋತಿದ್ದೆ, ಎತ್ತಬೇಕಾಗಿತ್ತು ಅಂತ" ಎಂದ. ಆಮೇಲೆ, "ಮೂರನೇ ಸಲ ಕೇಳಿದ್ರ ಎತ್ತತಿದ್ದೆ ನೋಡು. ಯಾರೂ ಕೇಳಲಿಲ್ಲ" ಎಂದ.

ನನ್ನ ಟ್ರಾಮ್ ಬಂದು ನಿಂತಿತು, ಬಾಗಿಲು ತೆರೆಯಿತು, ಮುಚ್ಚಿಕೊಂಡು ಹೋಯಿತು. ನಾನು ಫೋನ್ ಹಿಡಿದು ನಿಂತೇ ಇದ್ದೆ.