ಗೌರಕ್ಕ ಹೇಳಿ ಬರೆಸಿದ ಮುಖ

ಶಿರಸಿ ಪೇಟೆಯ ನೂರ್ ಅಹ್ಮದ್ ಫೋಟೋ ತೆಗೆಯುವುದಕ್ಕಿಂತ ಪರದೆ ಬರೆಯುವುದರಲ್ಲಿ ಹೆಸರು ಮಾಡಿದವನು. ಅಂಗಡಿಯ ಪರದೆಯ ಮೇಲೆ ಅವನೇ ಬರೆದ ನೀಲಿ ಕಾರಿತ್ತು. ಅದರ ಮುಂದೆ ನಿಂತು ಫೋಟೋ ತೆಗೆಸಿಕೊಂಡವರು ಊರಿಗೆ ಹೋಗಿ ಕಾರು ತಮ್ಮದೇ ಎಂಬಂತೆ ಜಂಬ ಕೊಚ್ಚುತ್ತಿದ್ದರು. ಫೋಟೋದೊಳಗೆ ಕಾರು ಅವರದೇ, ಹೊರಗೆ ಬಂದ ಮೇಲೆ ನಡೆದೇ ಹೋಗಬೇಕು, ಅಷ್ಟು ಎಲ್ಲರಿಗೂ ಗೊತ್ತಿರುತ್ತದೆ ಬಿಡಿ ಎನ್ನುತ್ತಿದ್ದ ನೂರ್ ಅಹ್ಮದ್.

ಅರವತ್ತೆರಡನೇ ಇಸವಿಯ ಬೇಸಗೆಯಲ್ಲಿ ಬನವಾಸಿ ಕಡೆಯ ಗೌರಕ್ಕ ಮಗಳು ನೀಲಗಂಗಾಳನ್ನು ಕರೆದುಕೊಂಡು ಬಂದಳು. ಹುಡುಗಿ ಹೊಟ್ಟೆಯಲ್ಲಿದ್ದಾಗಲೇ ಗಂಡ ತೀರಿಕೊಂಡಿದ್ದ. ಅವನದೊಂದು ಫೋಟೋ ಇರಲಿಲ್ಲ. ಈಗ ಮದುವೆ ಗೊತ್ತಾಗಿ, ಅಪ್ಪನಿಗೆ ನಮಸ್ಕಾರ ಮಾಡದೆ ಹಸೆಮಣೆ ಏರುವುದಿಲ್ಲವೆಂದು ಹುಡುಗಿ ಹಟ ಹಿಡಿದಿದ್ದಳು. ತಾನು ಹೇಳಿದಂತೆ ಗಂಡನ ಚಿತ್ರ ಬರೆದುಕೊಡಬೇಕೆಂದಳು ಗೌರಕ್ಕ.

ನೂರ್ ಅಹ್ಮದ್ ಹುಡುಗಿಯನ್ನು ಬಾಗಿಲಲ್ಲಿ ಕೂರಿಸಿ, ಮೂಗು ಹೇಗಿತ್ತು, ಹಣೆ ಅಗಲವೋ ಎಂದು ಕೇಳತೊಡಗಿದ. ಗೌರಕ್ಕ ತಲೆ ತಗ್ಗಿಸಿದಳು.

"ಅತ್ತಿ ಮಾವ ಇದ್ದ ಮನಿರಿ. ತಲಿ ಎತ್ತಿ ಗಂಡನ ಮಾರಿ ನೋಡಿದಾಕಿ ಅಲ್ಲ ನಾನು. ಪಾದ ಕೇಳ್ರಿ, ಹೇಳ್ತೀನಿ."

ಒಡೆದ ಹಿಮ್ಮಡಿ, ಪಕ್ಕದ ಬೆರಳಿನ ಮೇಲೆ ಹತ್ತಿ ಕೂತ ಕಿರುಬೆರಳು, ಎಲ್ಲ ಹೇಳಿದಳು. ಅವನು ಹಾಗೇ ಬರೆದ. ಮುಖಕ್ಕೆ ದಾರಿ ಕಾಣದೆ, ಬಾಗಿಲಲ್ಲಿ ಕೂತ ಹುಡುಗಿಯ ಹಣೆ, ಮೂಗನ್ನೇ ತೆಗೆದುಕೊಂಡು ಮೀಸೆ ಇಟ್ಟು ರುಮಾಲು ಸುತ್ತಿದ.

ಚಿತ್ರ ನೋಡಿ ನೀಲಗಂಗಾ, ಅಪ್ಪ ತನ್ನ ಹಾಗೇ ಇದ್ದಾನೆಂದು ಬಿಕ್ಕಿ ಬಿಕ್ಕಿ ಅತ್ತಳು. ಗೌರಕ್ಕ ಪಾದವನ್ನಷ್ಟೇ ಮುಟ್ಟಿ ನೋಡಿದಳು. ನೂರ್ ಅಹ್ಮದನಿಗೆ ಪುಣ್ಯದ ಕೆಲಸ ಮಾಡಿದಷ್ಟು ಸಂತೋಷವಾಯಿತು.

ಮದುವೆ ಮುಗಿದ ಮೇಲೆ ಗೌರಕ್ಕ ಒಬ್ಬಳೇ ಬಂದಳು. ಗಂಡ ಮಲಗಿದ್ದಾಗ ಒಂದೆರಡು ಸಲ ಅವನ ಮುಖವನ್ನು ಕದ್ದು ನೋಡಿದ್ದಳಂತೆ. ಹೇಳಲು ಬಾರದಿದ್ದರೂ ಕಣ್ಣು ಮುಚ್ಚಿದರೆ ಅದು ಬರುತ್ತಿತ್ತು. ಈಗ ಎಷ್ಟು ಕರೆದರೂ ನೂರ್ ಅಹ್ಮದ್ ಬರೆದದ್ದೇ ಬರುತ್ತಿದೆ.

ಚಿತ್ರ ತನ್ನಿ, ಮುಖ ಅಳಿಸಿಕೊಡುತ್ತೇನೆ ಎಂದ ಅವನು.

"ಬ್ಯಾಡ್ರಿ. ಅದು ಅಕಿ ಅಪ್ಪ," ಅಂದಳು ಗೌರಕ್ಕ. "ನನ್ನವರು ಎಲ್ಲಿ ಹೋದ್ರು, ಅದನ್ನ ಹೇಳ್ರಿ."