ಚಂದ್ರಾವತಿ ಆಂಟಿಯ ಮುಖವಾಡದ ವೀರರು

“ಅಮ್ಮಾ, ಚಂದ್ರಾವತಿ ಆಂಟಿ ಗಂಟಲೊಳಗೆ ಎಷ್ಟು ಜನ ಇದಾರೆ?” ಎಂದು ಐದು ವರ್ಷದ ನಿಧಿ ಕೇಳಿದಾಗ ರಚನಾಗೆ ನಗು ತಡೆಯಲಾಗಲಿಲ್ಲ.

ಹನ್ನೆರಡು ವರ್ಷ ಜಪಾನಿನಲ್ಲಿದ್ದು ಅಮೆರಿಕದ ಹರ್ನ್‌ಡನ್ನಿಗೆ ಬಂದ ಚಂದ್ರಾವತಿ, ಜಪಾನಿನ ಗೆಳತಿ ಕಳಿಸುವ ಮುಖವಾಡದ ವೀರರ ಟಿವಿ ಸರಣಿಗಳನ್ನು ಪ್ರತಿ ಶನಿವಾರ ನೆರೆಹೊರೆಯ ಕನ್ನಡ ಮಕ್ಕಳಿಗೆ ಹಾಕಿ, ಎಲ್ಲ ಪಾತ್ರಗಳ ಮಾತನ್ನೂ ತಾವೇ ಕನ್ನಡದಲ್ಲಿ ಹೇಳುತ್ತಿದ್ದರು.

“ಬರೀ ಹೊಡೆದಾಟ ಅಲ್ವಾ ಆಂಟಿ?” ಎಂದು ರಚನಾ ಒಮ್ಮೆ ಛೇಡಿಸಿದ್ದಳು.

“ಹಳೇದ್ರಲ್ಲಿ ರಾಕ್ಷಸ ಸತ್ರೆ ಕತೆ ಮುಗೀತು ಮಾರಾಯ್ತಿ. ಈಗಿನದ್ರಲ್ಲಿ ರಾಕ್ಷಸನಿಗೂ ಅಮ್ಮ ಇದ್ದಾಳೆ. ವೀರ ಕೈ ಎತ್ತುವ ಮೊದಲು ಯೋಚಿಸ್ತಾನೆ!”

ಅಂದಿನಿಂದ ರಚನಾಳೂ ಮಕ್ಕಳ ಹಿಂದೆ ಕೂತು ನೋಡತೊಡಗಿದಳು.

ಈ ಶನಿವಾರ ಆಂಟಿಯ ದನಿ ಒಡೆದಿತ್ತು. ಸೋಮವಾರ ಗಂಟಲಿನ ಆಪರೇಷನ್. ದನಿ ಮರಳುವ ಖಾತ್ರಿಯಿರಲಿಲ್ಲ. ಸರಣಿಯ ಕೊನೆಯ ಕಂತಿನ ಮಾತುಗಳನ್ನು ಬರೆದಿಟ್ಟ ನೋಟ್‌ಬುಕ್ಕನ್ನು ಅವರು ರಚನಾಳ ಕೈಗಿಟ್ಟರು.

“ಮುಂದಿನ ವಾರ ನೀನು ಹೇಳ್ತೀಯಾ? ಆ ರಾಕ್ಷಸನ ಅಮ್ಮ ಅಳುವಲ್ಲಿ ಮಾತ್ರ ಗಡಿಬಿಡಿ ಮಾಡ್ಬೇಡ.”