ಮೊಮ್ಮಗಳ ಗೋಣಿನ ಪಟ್ಟಾ

ನನ್ನ ಮೊಮ್ಮಗಳು ಹುಟ್ಟಿದ್ದೂ ಬೆಳೆದಿದ್ದೂ ಬೊರಿವಲಿಯ ಚಾಳಿನಲ್ಲಿ. ಕನ್ನಡ ತಿಳಿಯುತ್ತದೆ, ನಾಲಿಗೆಗೆ ಬರುವುದಿಲ್ಲ. ನಾನು ಏನೇ ಕೇಳಲಿ, ಗೋಣಿನಲ್ಲೇ ಉತ್ತರ. ಬೇಕಾದರೆ ಮೇಲೆ ಕೆಳಗೆ, ಬೇಡವಾದರೆ ಆಚೆ ಈಚೆ.

ಈ ಮಳೆಗಾಲದಲ್ಲಿ ಕಾಲೇಜಿಗೆ ಹೋಗುವಾಗ ಸಾಂತಾಕ್ರೂಜ್ ಸ್ಟೇಷನ್ನಿನ ಮೆಟ್ಟಿಲ ಮೇಲೆ ಜಾರಿ ಬಿದ್ದಳು. ಗೋಣಿನ ಎಲುಬಿನಲ್ಲಿ ಕೂದಲೆಳೆಯಷ್ಟು ಸೀಳು ಬಂದಿದೆ ಎಂದರು ಡಾಕ್ಟರು. ಗದ್ದದಿಂದ ಎದೆಯವರೆಗೆ ಗಟ್ಟಿ ಪ್ಲಾಸ್ಟಿಕ್ಕಿನ ಪಟ್ಟಾ ಕಟ್ಟಿ, ಎಲುಬು ಸರಿದರೆ ಕೈಕಾಲಿಗೇ ಕುತ್ತು, ಗೋಣು ಆಡಿಸಬಾರದು ಎಂದು ಹೇಳಿ ಕಳಿಸಿದರು.

ಪಟ್ಟಾ ಕಟ್ಟಿದ ಮೇಲೆ ಗೋಣು ಹೇಗೆ ಆಡೀತು ಎಂದು ನಾನು ನಿಶ್ಚಿಂತೆಯಿಂದ ಇದ್ದೆ. ಮರುದಿನ "ಚಹಾ ಬೇಕೇನ?" ಎಂದೆ. ಆ ಪಟ್ಟಾದ ಒಳಗೇ ಗೋಣು ಆಚೆ ಈಚೆ ಹೊರಳಿತು! ಆಡಿತಲ್ಲ ಎಂದು ಹೆದರಿಕೆಯೋ, ಆಡುತ್ತದಲ್ಲ ಎಂದು ಖುಷಿಯೋ, ನನಗೇ ತಿಳಿಯಲಿಲ್ಲ. ಪಟ್ಟಾವೇ ಸರಿ ಇಲ್ಲವೆಂದು ಮಗನನ್ನು ಎಬ್ಬಿಸಿಕೊಂಡು ಡಾಕ್ಟರ ಹತ್ತಿರ ಹೋದೆ.

"ಆಜೀ, ಪಟ್ಟಾ ತಾಲಾ ನಹೀ ಹೈ" ಎಂದು ಅವರು ನಕ್ಕರು. ಅದು ಬೀಗವಲ್ಲವಂತೆ. ಹಿಂದೆ ಮುಂದೆ ಬಾಗುವುದನ್ನು ಬಹಳಷ್ಟು ತಡೆಯುತ್ತದಂತೆ, ಹೊರಳುವುದನ್ನು ಅಷ್ಟು ತಡೆಯಲಾರದಂತೆ. ಉಳಿದದ್ದನ್ನು ಹುಡುಗಿಯೇ ತಡೆದುಕೊಳ್ಳಬೇಕಂತೆ.

"ಮತ್ತ ಕಟ್ಟೂದರ ಯಾಕ?" ಎಂದು ಮಗನನ್ನು ಕೇಳಿದೆ.

"ಅರ್ಧಾ ಹಿಡಿಯಾಕ, ಅರ್ಧಾ ನೆನಪಿಗೆ, ಯವ್ವಾ. ಆಡಸಾಕ ಹೋದ್ರ ಗದ್ದಕ್ಕ ಒತ್ತತೈತಿ."

ನೆನಪಿಗೆ ಇಷ್ಟು ದೊಡ್ಡ ಪ್ಲಾಸ್ಟಿಕ್ಕೇ? ನಾವಾದರೆ ಸೆರಗಿಗೆ ಗಂಟು ಹಾಕಿಕೊಳ್ಳುತ್ತೇವೆ.

ಮನೆಗೆ ಬಂದು ಅವಳ ಎದುರು ಕೂತೆ. "ಇನ್ನ ಬಾಯಿಲೆನ ಹೇಳಬೇಕ ನೋಡ. ಚಹಾ ಬೇಕೇನ?"

"ಆಯಿ... ನಾನು ಬ್ಯಾಡ."

"ನೀ ಬ್ಯಾಡಾದ್ರ ನಮಗ ಮತ್ಯಾರ ಬೇಕ? ನನಗ ಬ್ಯಾಡ ಅನ್ನಬೇಕ, ಹುಚ್ಚಿ!"

ಅವಳಿಗೆ ನಗು ಬಂತು. "ಆಯಿ, ಹಸಾವ್ ಮತ್ ನಾ, ದುಖ್ತಾ ಹೈ!" ನಗಿಸಬೇಡ, ನೋಯುತ್ತದೆ ಎಂದು ಗೋಗರೆದಳು.

ಪಟ್ಟಾ ಇರುವ ತನಕ ಹುಡುಗಿ ಹೀಗೇ ತಪ್ಪು ತಪ್ಪು ಕನ್ನಡ ಮಾತಾಡಿದಳು. ಅದನ್ನು ಕೇಳಿ ನನ್ನ ಹೊಟ್ಟೆ ತಣ್ಣಗಾಗುತ್ತಿತ್ತು. ಆದರೆ ದೇವರ ಮುಂದೆ ನಿಂತರೆ ಗೊಂದಲ. ಪಟ್ಟಾ ಬೇಗ ಬಿಚ್ಚಲಿ ಎಂದು ಬೇಡುವುದು, ಮಾತು ನಿಂತೀತೇನೋ ಎಂದು ಅಳುಕುವುದು.

ಮೊನ್ನೆ ಎಕ್ಸ್‌ರೇ ನೋಡಿ ಎಲುಬು ಕೂಡಿದೆ ಎಂದರು. ಪಟ್ಟಾ ಬಿಚ್ಚಿ, ತಿರುಗಿಸು ಎಂದರು. ಅವಳು ಅಂಜುತ್ತಂಜುತ್ತ ಗೋಣನ್ನು ನನ್ನ ಕಡೆಗೆ ಹೊರಳಿಸಿದಳು.

"ಏ, ಗೋಣ ಆಡಸಬ್ಯಾಡ!" ಎಂದು ಚೀರಿಬಿಟ್ಟೆ. ಡಾಕ್ಟರಿಗೂ ನಗು. ನನಗೆ ನಗುವೂ ಅಳುವೂ ಒಮ್ಮೆಗೇ.

ಹೊರಗೆ ಬಂದು ಚಹಾದ ಅಂಗಡಿಯ ಮುಂದೆ "ಬೇಕೇನ?" ಎಂದೆ. ಗೋಣು ಮೇಲೆ ಕೆಳಗೆ ಚೆನ್ನಾಗಿ ಆಡಿತು. ಆಡಿಸುತ್ತಲೇ ಅಂದಳು, "ನಾನು ಬೇಕು, ಆಯಿ."

"ಹೌದವಾ," ಎಂದೆ, "ನೀನ ಬೇಕ."